ಹದಿನಾಲ್ಕು ಕಾಲಮ್ಮಿನ ಕ್ಯಾಮೆರಾ

ಊರಿನ ನಮ್ಮ ಮನೆಯ ಜಗುಲಿಯಲ್ಲಿ ಅಜ್ಜನ ಒಂದು ಫೋಟೋ ಇದೆ. ಅದರಲ್ಲಿ ಅಜ್ಜ ಕೋಟು ಹಾಕಿಕೊಂಡಿದ್ದಾನೆ. ಜೀವಮಾನದಲ್ಲಿ ಒಂದು ದಿನವೂ ಕೋಟು ಹಾಕದ ಮನುಷ್ಯ ನಮ್ಮಜ್ಜ. ಆಗಿದ್ದೇನಪ್ಪಾ ಅಂದ್ರೆ, 1998ರ ಮಳೆಗಾಲದಲ್ಲಿ ಅಜ್ಜ ತೀರಿಕೊಂಡಾಗ ಮನೆಯಲ್ಲಿ ಅವನದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ಹನ್ನೆರಡನೇ ದಿನದ ಹೊತ್ತಿಗೆ ಗೋಡೆಗೆ ಏನಾದರೂ ಬೇಕಲ್ಲ? ಹುಡುಕಿ ಹುಡುಕಿ, ಕಡೆಗೆ ಚಿಕ್ಕಪ್ಪನ ಮದುವೆಯ ಗ್ರೂಪ್ ಫೋಟೋದ ಮೂರನೇ ಸಾಲಿನಲ್ಲಿ, ಇಬ್ಬರು ನೆಂಟರ ಹೆಗಲುಗಳ ನಡುವೆ ಅಜ್ಜನ ತಲೆ ಸಿಕ್ಕಿತು. ಸ್ಟುಡಿಯೋದವರು ಆ ತಲೆಯನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿ, ಕೆಳಗೆ ಒಂದು ಕೋಟು ಬರೆದು ಕೊಟ್ಟರು. ಕೋಟಿನ ಗುಂಡಿ ಕೂಡ ಎಣಿಸಬಹುದು, ಅಷ್ಟು ಸ್ಪಷ್ಟ. ಅಜ್ಜನ ಮುಖ ಮಾತ್ರ ಮಂಜಿನ ಆಚೆ ಇದ್ದ ಹಾಗಿದೆ.

"ಬೆಳಗ್ಗೆ ಎದ್ದು ನೋಡಿದ್ರೆ ಯಾರೋ ಅಮಲ್ದಾರ್ರು ಬಂದು ಕೂತಂಗೆ ಕಾಣ್ತದೆ. ನನ್ನ ಗಂಡ ಅಂತ ಅನ್ಸೋದೇ ಇಲ್ಲ" ಅಂತ ಅಜ್ಜಿ ಆಗಾಗ ಬೈಯ್ಯುತ್ತಲೇ ಇರುತ್ತಾಳೆ.

2010ರ ಮೇ ತಿಂಗಳಲ್ಲಿ ನಾನು ರಜೆ ಹಾಕಿ ಊರಿಗೆ ಹೋಗಿದ್ದೆ. ಅಜ್ಜಿಗೆ ಆಗ ಎಂಬತ್ನಾಲ್ಕು. ಅಂಗಳದಲ್ಲಿ ಹಪ್ಪಳ ಒಣಹಾಕಿ, ಕಾಗೆ ಓಡಿಸಲು ಉದ್ದದ ಕೋಲು ಹಿಡಿದು, ತಲೆ ಮೇಲೊಂದು ಒದ್ದೆ ಬೈರಾಸು ಹಾಕಿಕೊಂಡು ಮಣೆ ಮೇಲೆ ಕೂತಿದ್ದಳು. ನನ್ನನ್ನು ಕರೆದು ಹೇಳಿದಳು: "ಪ್ಯಾಟೇಲಿ ಅಷ್ಟೆಲ್ಲ ಸಂಬಳ ತಗಣ್ತೀಯಂತೆ. ನಂದೊಂದು ಫೋಟೋ ತೆಗ್ದಿಡು ಮಾರಾಯ. ತೆಗ್ದು ನನ್ ಕೈಗೇ ಕೊಡು, ನಾನೇ ನೋಡಿ ಒಪ್ಪಬೇಕು. ನಾನು ಹೋದ್ಮೇಲೆ ಯಾರಾದ್ರೂ ನಂಗೂ ಕೋಟು ಹಾಕ್ಸಿದ್ರೆ ಸುಮ್ನಿರಲ್ಲ ನೋಡು."

ನನ್ನ ಜೇಬಿನಲ್ಲಿದ್ದದ್ದು ಎರಡು ಮೆಗಾಪಿಕ್ಸೆಲ್ಲಿನ ಮೊಬೈಲು. ಅದರಲ್ಲೇ ಒಂದು ಕ್ಲಿಕ್ಕಿಸಿ ನೋಡಿದೆ. ಹಪ್ಪಳವೇ ಚೆನ್ನಾಗಿ ಬಂದಿತ್ತು. "ತಡಿ ಅಜ್ಜಿ, ಇದ್ರಲ್ಲಿ ಬೇಡ. ಒಳ್ಳೇ ಕ್ಯಾಮೆರಾನೇ ತಗೊಂಡು ಬರ್ತೀನಿ" ಅಂದೆ.

ನನ್ನ ಕತೆ ಹಳ್ಳ ಹಿಡಿದಿದ್ದು ಆ ಒಂದು ಮಾತಿನಿಂದ.

ಬೆಂಗಳೂರಿಗೆ ವಾಪಸ್ ಬಂದವನು ಮೊದಲು ಬಜೆಟ್ ಹಾಕಿದೆ. ಆ ವರ್ಷದ ಬೋನಸ್ಸು ಕಡಿತವೆಲ್ಲ ಹೋಗಿ ಕೈಗೆ ಸಿಕ್ಕಿದ್ದು 22,000. ಕೈಯಿಂದ ಇನ್ನೊಂದು ಮೂರು ಸಾವಿರ ಸೇರಿಸಿದರೆ 25,000. ಇದರ ಮೇಲೆ ಒಂದು ರೂಪಾಯಿಯೂ ಇಲ್ಲ, ಏಕೆಂದರೆ ತೋಟದ ಪಂಪ್‌ಸೆಟ್ಟಿನ ಸಾಲದ ಕಂತು ಕಟ್ಟುತ್ತಿದ್ದವನು ನಾನೇ. ಅಜ್ಜಿಯ ಒಂದು ಫೋಟೋಗೆ ಡಿ.ಎಸ್.ಎಲ್.ಆರ್. ಯಾಕಪ್ಪಾ, ಆರೇಳು ಸಾವಿರದ ಡಬ್ಬಿ ಕ್ಯಾಮೆರಾ ಸಾಲದಾ ಅಂತ ನೀವು ಕೇಳಬಹುದು. ಸಾಕಾಗಿತ್ತು. ಆದರೆ ಆಗಿನ ದಿನಗಳು ನಿಮಗೂ ನೆನಪಿರಬೇಕು. ಆಫೀಸಿನ ಪ್ರತಿ ಸಾಲಿನಲ್ಲೂ ಒಬ್ಬ ಫೋಟೋಗ್ರಾಫರ್ ಹುಟ್ಟಿಕೊಂಡಿದ್ದ. ಶನಿವಾರ ಬೆಳಗ್ಗೆ ಕೆ.ಆರ್. ಮಾರ್ಕೆಟ್ಟಿನ ಹೂವು, ಭಾನುವಾರ ರಂಗನತಿಟ್ಟಿನ ಕೊಕ್ಕರೆ, ಸೋಮವಾರ ಅದನ್ನೆಲ್ಲ ನೋಡಿ ನಾವು 'ವಾವ್' ಅನ್ನಬೇಕು. ಅದೂ ಅಲ್ಲದೆ ನಾನು ಮಲೆನಾಡಿನವನು, ತೇಜಸ್ವಿ ಓದಿಕೊಂಡು ಬೆಳೆದವನು. ಮೂಡಿಗೆರೆಯ ತೋಟದಲ್ಲಿ ಹಕ್ಕಿ ಫೋಟೋಗಾಗಿ ದಿನಗಟ್ಟಲೆ ಕಾದು ಕೂತ ಮನುಷ್ಯನನ್ನು ಓದಿದ ಮೇಲೆ, ಕುತ್ತಿಗೆಗೆ ಒಂದು ಕ್ಯಾಮೆರಾ ನೇತುಹಾಕಿಕೊಳ್ಳಬೇಕು ಅಂತ ಅನ್ನಿಸದವರು ನಮ್ಮ ಕಡೆ ಯಾರಿದ್ದಾರೆ? ಅಜ್ಜಿ ಒಂದು ನೆಪ ಆದಳು. ಇದನ್ನು ಈಗ ಒಪ್ಪಿಕೊಳ್ಳುತ್ತಿದ್ದೇನೆ, ಆಗ ಒಪ್ಪಿಕೊಂಡಿರಲಿಲ್ಲ.

ವೃತ್ತಿಯಲ್ಲಿ ನಾನು ಟೆಸ್ಟರ್. ಏನನ್ನೇ ಆಗಲಿ ಮೊದಲು ಎಕ್ಸೆಲ್ ಶೀಟಿಗೆ ಹಾಕದಿದ್ದರೆ ಅನ್ನ ಇಳಿಯುವುದಿಲ್ಲ. ಹಾಳೆಯಲ್ಲಿ ಹದಿನಾಲ್ಕು ಕಾಲಮ್ಮು ಬಿದ್ದವು: ಮೆಗಾಪಿಕ್ಸೆಲ್, ತೂಕ, ಬ್ಯಾಟರಿ, ವಿಡಿಯೋ ಇದೆಯೋ ಇಲ್ಲವೋ, ಸೆಕೆಂಡಿಗೆ ಎಷ್ಟು ಫೋಟೋ, ಹಿಂದಿನ ಪರದೆ ಎಷ್ಟು ಇಂಚು, ಹೀಗೆ. ಸಾಲುಗಳಲ್ಲಿ ನಿಕಾನ್ ಡಿ3000, ಡಿ5000, ಕ್ಯಾನನ್ 1000ಡಿ, ಮೇಲೆ ಆಸೆಗೆ ಇರಲಿ ಅಂತ 550ಡಿ. 'ಎಷ್ಟು ಬೆಳಕು ಬೇಕು' ಅನ್ನುವುದಕ್ಕೆ ಮಾತ್ರ ಒಂದು ಕಾಲಮ್ಮೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಪಕ್ಕದ ಕ್ಯೂಬಿಕಲ್ಲಿನಲ್ಲಿ ಒಬ್ಬ ಗೆಳೆಯ ಇದ್ದ. ಡಿ90 ಇಟ್ಟುಕೊಂಡಿದ್ದ. ಅವನು ನನ್ನ ಶೀಟು ನೋಡಿ, "ಗುರೂ, ನೀನು ಬಾಡಿ ಮದುವೆ ಆಗ್ತಾ ಇದೀಯ. ಸಂಸಾರ ಮಾಡೋದು ಲೆನ್ಸ್ ಜೊತೆ" ಅಂದ. ನನಗೆ ಅರ್ಥ ಆಗಲಿಲ್ಲ. ಅವನೇ ಬಿಡಿಸಿ ಹೇಳಿದ. ಬಾಡಿ ಎರಡು ಮೂರು ವರ್ಷಕ್ಕೆ ಹಳೇದಾಗುತ್ತೆ, ಲೆನ್ಸು ಹದಿನೈದು ವರ್ಷ ಇರುತ್ತೆ. ನಿಕಾನಿನ ಅಗ್ಗದ ಬಾಡಿಗಳಾದ ಡಿ3000, ಡಿ5000ಗಳ ಒಳಗೆ ಫೋಕಸ್ ಮಾಡುವ ಮೋಟಾರು ಇಲ್ಲ. ಅವನ ಡಿ90ಯಲ್ಲಿ ಇದೆ. ಹಾಗಾಗಿ ನಿಕಾನಿನ ಹಳೇ ಅಗ್ಗದ 50 ಎಂ.ಎಂ. ಲೆನ್ಸನ್ನು ಅವನು ಹಾಕಿಕೊಂಡರೆ ತಾನೇ ಫೋಕಸ್ ಆಗುತ್ತೆ, ನಾನು ಡಿ3000ಕ್ಕೆ ಹಾಕಿದರೆ ಕೈಯಲ್ಲಿ ತಿರುಗಿಸುತ್ತಾ ಕೂರಬೇಕು. ಕ್ಯಾನನ್ ಇ.ಎಫ್. ಲೆನ್ಸುಗಳಲ್ಲಿ ಆ ತಲೆನೋವಿಲ್ಲ, ಮೋಟಾರು ಲೆನ್ಸಿನ ಒಳಗೇ ಇರುತ್ತದೆ. 25,000ದಲ್ಲಿ ಸಂಸಾರ ಮಾಡಬೇಕಾದವನಿಗೆ ಇದೊಂದು ವಿಷಯ ಉಳಿದ ಹದಿಮೂರು ಕಾಲಮ್ಮಿಗಿಂತ ದೊಡ್ಡದು. ಕ್ಯಾಮೆರಾ ಕೊಳ್ಳುವ ಮೊದಲು ಅದಕ್ಕೆ ಮುಂದೆ ಯಾವ ಅಗ್ಗದ ಲೆನ್ಸು ಹಾಕಬಹುದು ಅಂತ ಕೇಳಿ ಅಂತ ಈಗ ಯಾರು ಸಿಕ್ಕರೂ ಹೇಳುತ್ತೇನೆ. ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಇಷ್ಟು ತಿಳಿದ ಮೇಲಾದರೂ ಕೊಂಡೆನಾ? ಇಲ್ಲ. ಆಗಸ್ಟಿನಲ್ಲಿ ನಿಕಾನ್ ಡಿ3100 ಬರುತ್ತಿದೆ ಅಂತ ಸುದ್ದಿ ಆಯಿತು. 14 ಮೆಗಾಪಿಕ್ಸೆಲ್, ಫುಲ್ ಎಚ್.ಡಿ. ವಿಡಿಯೋ. ಅದು ಬಂದರೆ ಹಳೇ ಮಾಡೆಲ್ಲುಗಳ ರೇಟು ಇಳಿಯುತ್ತೆ, ದೀಪಾವಳಿಗೆ ನೋಡೋಣ ಅಂದುಕೊಂಡೆ. ದೀಪಾವಳಿಗೆ ಇಳಿಯಿತು, ನನ್ನ ಲೆಕ್ಕಕ್ಕೆ ಸಾಲದಷ್ಟು ಇಳಿಯಿತು. ಎಸ್.ಪಿ. ರೋಡಿಗೆ ಹೋದೆ. ಒಂದು ಅಂಗಡಿಯವನು "ಬಿಲ್ ಬೇಕಾ ಬೇಡ್ವಾ ಸಾರ್?" ಅಂತ ಕೇಳಿದ. ಬಿಲ್ ಬೇಡ ಅಂದರೆ ಮೂರು ಸಾವಿರ ಕಮ್ಮಿ, ವಾರಂಟಿಯೂ ಇಲ್ಲ. ಹೆದರಿ ವಾಪಸ್ ಬಂದೆ. ಅಮೆರಿಕದಲ್ಲಿರುವ ಕಸಿನ್ ಡಿಸೆಂಬರಿಗೆ ಬರುತ್ತಾನೆ, ತರಿಸೋಣ ಅಂದುಕೊಂಡೆ. ಅವನು ಬರಲಿಲ್ಲ. ಅಷ್ಟರಲ್ಲಿ ಕ್ಯಾನನ್ನಿನದೂ ಹೊಸದು ಬರುತ್ತಂತೆ ಅನ್ನುವ ಗಾಳಿಮಾತು ಶುರುವಾಯಿತು. ಶೀಟಿಗೆ ಇನ್ನೊಂದು ಸಾಲು ಸೇರಿತು. ಅಜ್ಜಿ ಫೋನಿನಲ್ಲಿ "ಎಂತಾತಾ ನಿನ್ನ ಕ್ಯಾಮ್ರ?" ಅಂತ ಕೇಳಿದಾಗೆಲ್ಲ "ನೋಡ್ತಾ ಇದೀನಿ ಅಜ್ಜಿ" ಅನ್ನುತ್ತಿದ್ದೆ. "ಹೆಣ್ಣು ನೋಡಿದಂಗೆ ನೋಡ್ತಾ ಇರು" ಅಂತ ಫೋನ್ ಇಡುತ್ತಿದ್ದಳು.

2011ರ ಜನವರಿಯಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು, ರಾಡು ಹಾಕಿದರು. ಡಾಕ್ಟರು ವಾಕರ್ ಹಿಡಿದು ನಡೆಸಿ ಅಂದರು. ಅಜ್ಜಿ ಎರಡು ಹೆಜ್ಜೆ ಇಟ್ಟು, "ಇದೆಂಥ ನಾಟ್ಕ" ಅಂತ ಮಲಗಿದವಳು ಮತ್ತೆ ಏಳಲಿಲ್ಲ.

ನಾನು ಆಸ್ಪತ್ರೆಯಿಂದ ವಾಪಸ್ ಬಂದು ಎಕ್ಸೆಲ್ ಶೀಟು ಡಿಲೀಟ್ ಮಾಡಿದೆ. ಫೆಬ್ರವರಿಯಲ್ಲಿ ಕ್ಯಾನನ್ 1100ಡಿ ಬಿಡುಗಡೆಯ ಸುದ್ದಿ ಬಂತು, ಓದಲಿಲ್ಲ. ಮಾರ್ಚಿನಲ್ಲಿ ಬಿ.ಟಿ.ಎಂ. ಲೇಔಟಿನ ಒಂದು ದರ್ಶಿನಿಯ ಮುಂದೆ ನಿಂತು, ಒಂದೂವರೆ ವರ್ಷ ಹಳೆಯ 1000ಡಿ ಕೊಂಡೆ. ಮಾರಿದವನು ಆನ್‌ಸೈಟಿಗೆ ಹೊರಟಿದ್ದ ಹುಡುಗ. ಕ್ಯಾಮೆರಾ, 18-55 ಕಿಟ್ ಲೆನ್ಸು, ಬಿಲ್ಲು, ಡಬ್ಬಿ ಎಲ್ಲ ಸೇರಿ 16,500. ಡಿ90 ಗೆಳೆಯ ಜೊತೆಗೆ ಬಂದಿದ್ದ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ನೋಡೋದು ಹೇಗೆ ಅಂತ ನಾನು ಅವನಿಂದ ಅಲ್ಲೇ ಕಲಿತೆ. ಲೆನ್ಸನ್ನು ಬಿಚ್ಚಿ ಹಿಂದಿನಿಂದ ಮೊಬೈಲ್ ಟಾರ್ಚು ಬಿಟ್ಟು ನೋಡಿದ. ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಬಿಟ್ಟು ಎದ್ದು ಬರಬೇಕು. ಆಮೇಲೆ ಅಪರ್ಚರ್ 22ಕ್ಕೆ ಇಟ್ಟು ಆಕಾಶದ ಫೋಟೋ ತೆಗೆದು, ಕಪ್ಪು ಚುಕ್ಕೆ ಇದೆಯಾ ಅಂತ ಹಿಗ್ಗಿಸಿ ನೋಡಿದ. ಮೂರು ಚುಕ್ಕೆ ಇದ್ದವು. ಸೆನ್ಸರ್ ಮೇಲಿನ ಧೂಳು, ಗಾಳಿ ಊದಿದರೆ ಹೋಗುತ್ತೆ ಅಂತ ಹೇಳಿ ಅದನ್ನೇ ನೆಪ ಮಾಡಿ 500 ರೂಪಾಯಿ ಇಳಿಸಿದ. "ಮಲೆನಾಡಿಗೆ ತಗೊಂಡು ಹೋಗ್ತಾ ಇದೀಯ, ಸಿಲಿಕಾ ಜೆಲ್ ಪೊಟ್ಟಣ ಹಾಕದೆ ಮಳೆಗಾಲದಲ್ಲಿ ಬ್ಯಾಗ್ ಮುಚ್ಚಬೇಡ" ಅಂತ ಎಚ್ಚರಿಸಿದ. 10 ಮೆಗಾಪಿಕ್ಸೆಲ್ ಅಷ್ಟೇನಾ ಅಂತ ನನಗೆ ಆಗಲೂ ಒಂದು ಸಣ್ಣ ಕೊರಗು. "3888ಕ್ಕೆ 2592. ಹನ್ನೆರಡಕ್ಕೆ ಎಂಟು ಇಂಚಿನ ಪ್ರಿಂಟು ಕಣ್ಣು ಮುಚ್ಚಿಕೊಂಡು ಹಾಕಿಸಬಹುದು. ಬಸ್ ಸ್ಟ್ಯಾಂಡಲ್ಲಿ ಹೋರ್ಡಿಂಗ್ ಹಾಕ್ತೀಯಾ ಅಜ್ಜೀದು?" ಅಂದ.

ಯುಗಾದಿಗೆ ಊರಿಗೆ ಹೋದೆ.

ಅಜ್ಜಿ ಇದ್ದದ್ದು ನಡುಮನೆಯ ಹಿಂದಿನ ಕೋಣೆಯಲ್ಲಿ. ಬಚ್ಚಲಿಗೆ ಹತ್ತಿರ ಅಂತ ಅಲ್ಲಿಗೆ ಹಾಕಿದ್ದರು. ಮಲೆನಾಡಿನ ಹಳೇ ಮನೆಗಳ ಒಳಕೋಣೆ ನೋಡಿದವರಿಗೆ ಹೇಳಬೇಕಿಲ್ಲ: ಮಣ್ಣಿನ ದಪ್ಪ ಗೋಡೆ, ಒಂದು ಗೇಣಿನ ಕಿಟಕಿ, ಅದರಾಚೆಗೆ ಹಲಸಿನ ಮರ. ಮಧ್ಯಾಹ್ನ ಹನ್ನೆರಡಕ್ಕೂ ಲೈಟು ಬೇಕು. ಲೈಟು ಅಂದರೆ ಒಂದು ಸಿ.ಎಫ್.ಎಲ್. ಬಲ್ಬು, ವೋಲ್ಟೇಜು ಇದ್ದರೆ.

ಕ್ಯಾಮೆರಾ ಮುಖಕ್ಕೆ ಹಿಡಿದೆ. ಮುಖ ಹತ್ತಿರ ಬರಲಿ ಅಂತ ಲೆನ್ಸನ್ನು 55ಕ್ಕೆ ತಿರುಗಿಸಿದೆ. ಅಲ್ಲಿ ಕಿಟ್ ಲೆನ್ಸಿನ ಕಿಂಡಿ ಎಫ್ 5.6ಕ್ಕಿಂತ ದೊಡ್ಡದಾಗಿ ತೆರೆಯುವುದಿಲ್ಲ. ಐ.ಎಸ್.ಒ. 1600ಕ್ಕೆ ಏರಿಸಿದೆ, 1000ಡಿಯಲ್ಲಿ ಅದೇ ಕೊನೆ. ಆದರೂ ಶಟರ್ ಸ್ಪೀಡು ಸೆಕೆಂಡಿನ ಎಂಟನೇ ಒಂದು ಭಾಗ. ಲೆನ್ಸಿನಲ್ಲಿ 'ಐ.ಎಸ್.' ಅಂತ ಬರೆದಿತ್ತು, ಕೈ ಅಲುಗಿದರೂ ಫೋಟೋ ಅಲುಗುವುದಿಲ್ಲ ಅನ್ನುವ ವ್ಯವಸ್ಥೆ. ನಿಜ, ಗೋಡೆ ಅಲುಗಿರಲಿಲ್ಲ, ಮಂಚದ ಕಾಲು ಅಲುಗಿರಲಿಲ್ಲ. ಅಜ್ಜಿಯ ಮುಖ ಮಾತ್ರ ಕಲಸಿಹೋಗಿತ್ತು. ಬಿದ್ದಾದ ಮೇಲೆ ಅವಳ ತಲೆ ಸಣ್ಣಗೆ ನಡುಗುತ್ತಿತ್ತು, ಬೇಡ ಬೇಡ ಅನ್ನುವ ಹಾಗೆ. ಐ.ಎಸ್. ನನ್ನ ಕೈ ನಡುಕಕ್ಕೆ ಮದ್ದು, ಅಜ್ಜಿಯ ತಲೆ ನಡುಕಕ್ಕಲ್ಲ.

ಫ್ಲಾಶ್ ಹಾಕಿದೆ. ಪೊರೆ ಆಪರೇಷನ್ ಆದ ಕಣ್ಣು, ಪ್ರತಿ ಸಲವೂ ಮುಚ್ಚಿತು. ಹಿಂದಿನ ಗೋಡೆಯ ಮೇಲೆ ದೆವ್ವದಂಥ ನೆರಳು. "ಹೊರಗೆ ಅಂಗಳಕ್ಕೆ ಕುರ್ಚಿ ಮೇಲೆ ಎತ್ಕೊಂಡು ಹೋಗ್ತೀವಿ, ಐದೇ ನಿಮಿಷ" ಅಂದೆ. ಅಜ್ಜಿ ನನ್ನ ಮುಖ ನೋಡಿದಳು.

"ಹೆಣ ಎತ್ತಿದಂಗೆ ಎತ್ತಬೇಡ್ರಾ. ನಾನು ಅಂಗಳದಲ್ಲಿ ಕೂತಿದ್ದಾಗ ತೆಗೀಲಿಕ್ಕೆ ಎಂತಾಗಿತ್ತು ನಿಂಗೆ?"

ನಾನು ಅಡುಗೆಮನೆಗೆ ಹೋಗಿ ನೀರು ಕುಡಿದೆ.

ಹಿಂದಿನ ಮೇ ತಿಂಗಳ ಅಂಗಳದಲ್ಲಿ, ಆ ಬಿಸಿಲಿನಲ್ಲಿ, ಯಾವ ಕ್ಯಾಮೆರಾ ಆದರೂ ನಡೆಯುತ್ತಿತ್ತು. ತೀರ್ಥಹಳ್ಳಿಯಿಂದ ಸ್ಟುಡಿಯೋ ಹುಡುಗನನ್ನು ಕರೆಸಿದ್ದರೂ ಆಗುತ್ತಿತ್ತು. ನಾನು ಹತ್ತು ತಿಂಗಳು ಕೂತು ಆರಿಸಿದ ಹೊತ್ತಿಗೆ, ನನ್ನ ಬಜೆಟ್ಟಿನ ಕ್ಯಾಮೆರಾಗೆ ಆಗದಂಥ ಕತ್ತಲೆಗೆ ಅಜ್ಜಿ ಹೋಗಿಬಿಟ್ಟಿದ್ದಳು. ಅಲ್ಲಿ ತೆಗೆದ ನಲವತ್ತು ಫೋಟೋ ಬೆಂಗಳೂರಿಗೆ ತಂದು ಕಂಪ್ಯೂಟರಿನಲ್ಲಿ ನೋಡಿದೆ. ಮುಖದ ತುಂಬ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಅಜ್ಜನ ಫೋಟೋನೇ ವಾಸಿ.

"ಈಗ ಲೆನ್ಸ್ ತಗೋ" ಅಂದ ಡಿ90 ಗೆಳೆಯ. ಕ್ಯಾನನ್ನಿನ 50 ಎಂ.ಎಂ., ಎಫ್ 1.8. ಕೈಯಲ್ಲಿ ಹಿಡಿದರೆ ಮಕ್ಕಳ ಆಟಿಕೆ ಅನ್ನಿಸುತ್ತೆ, ಕ್ಯಾಮೆರಾಗೆ ಕೂರುವ ಬಳೆ ಕೂಡ ಪ್ಲಾಸ್ಟಿಕ್ಕಿನದು. ಫೋಕಸ್ ಮಾಡುವಾಗ ಗರ್ರ್ ಅಂತ ಕಾಫಿಪುಡಿ ಮಿಲ್ಲಿನ ಸದ್ದು. ಝೂಮ್ ಇಲ್ಲ, ಹತ್ತಿರ ಬೇಕಾದರೆ ನೀವೇ ನಡೆದು ಹೋಗಬೇಕು. ಆದರೆ ಕಿಂಡಿ ದೊಡ್ಡದು. ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 5.6ರ ಕಿಂಡಿಯಲ್ಲಿ ಒಂದು ಚೊಂಬು ಬೆಳಕು ಬಂದರೆ, 1.8ರಲ್ಲಿ ಸುಮಾರು ಹತ್ತು ಚೊಂಬು. ಎಂಟನೇ ಒಂದು ಸೆಕೆಂಡು ಎಂಬತ್ತನೇ ಒಂದಾಗುತ್ತೆ, ಅಷ್ಟರಲ್ಲಿ ತಲೆ ನಡುಗಿದರೂ ಕಾಣುವುದಿಲ್ಲ. ಹೊಸದಕ್ಕೆ 5,800 ಕೊಟ್ಟೆ. ಬ್ಯಾಗು, ಕಾರ್ಡು 1,200. ಒಟ್ಟು 23,500. ಬಜೆಟ್ಟಿನ ಒಳಗೇ ಇದ್ದೆ, ಹೇಳಿಕೊಳ್ಳಲಿಕ್ಕೆ ಅದೊಂದು ಇದೆ.

ಲೆನ್ಸು ತಗೊಂಡು ಮೇ ಮಧ್ಯದಲ್ಲಿ ಮತ್ತೆ ಹೊರಟೆ. ಹೊರಡುವ ಹಿಂದಿನ ದಿನ ಅಪ್ಪನಿಗೆ ಫೋನ್ ಮಾಡಿ, ಕೋಣೆಗೆ ದೊಡ್ಡ ಬಲ್ಬು ಹಾಕಿಸೋಕೆ ಆಗುತ್ತಾ, ಬೆಳಕು ಕಮ್ಮಿ ಆಗುತ್ತೆ ಅಂದೆ. ಅಪ್ಪ "ಹೂಂ, ನೋಡೋಣ" ಅಂದರು. ಅವರ ಹೂಂ ಅಂದರೆ ಏನು ಬೇಕಾದರೂ ಆಗಬಹುದು.

ಬೆಳಗ್ಗೆ ಬಸ್ಸಿಳಿದು ಮನೆಗೆ ಹೋದರೆ, ಮಳೆಗಾಲಕ್ಕೆ ಮುಂಚೆ ವರ್ಷವೂ ಮಾಡುವ ಹಾಗೆ ಆಳುಗಳನ್ನು ಕರೆಸಿ ಮಾಡಿನ ಹೆಂಚಿಗೆ ಕೈಯಾಡಿಸುತ್ತಿದ್ದರು. ಅಪ್ಪನೂ ಮಾಡಿನ ಮೇಲೇ ಇದ್ದರು. ಹಿಂದಿನ ಕೋಣೆಗೆ ಮುಚ್ಚಿಗೆ ಇಲ್ಲ, ಸೀದಾ ಹೆಂಚೇ. ಅದರಲ್ಲಿ ಎರಡು ಹೆಂಚು ತೆಗೆದು, ಎರಡು ಗಾಜಿನ ಹೆಂಚು ಕೂರಿಸಿದ್ದರು. "400 ರೂಪಾಯಿ ಎರಡಕ್ಕೂ. ಬೆಳಕಿಲ್ಲ ಅಂತ ಯುಗಾದೀಲೇ ಹೇಳಬಾರದಿತ್ತೇನೋ? ಬರೇ ಕ್ಯಾಮೆರಾಗೆ ಬೈಯ್ತಾ ಕೂತಿದ್ದೆ" ಅಂದರು ಮೇಲಿನಿಂದಲೇ.

ಒಳಗೆ ಹೋದೆ. ಕೋಣೆಯ ನಡುವೆ ಒಂದು ಕಂಬದ ಹಾಗೆ ಬಿಸಿಲು ಇಳಿದಿತ್ತು. ಅಜ್ಜಿ ಅದರಲ್ಲಿ ತೇಲುವ ಧೂಳನ್ನು ನೋಡುತ್ತಾ ಮಲಗಿದ್ದಳು. "ಹೊತ್ತೆಷ್ಟು ಅಂತ ಯಾರನ್ನೂ ಕೇಳೂದು ಬೇಡ ಈಗ" ಅಂದಳು. ಗೆಲುವಾಗಿದ್ದಳು.

ಹತ್ತೂವರೆಗೆ ಒಂದು ಸಲ ತೆಗೆದೆ, ಚೆನ್ನಾಗಿ ಬರಲಿಲ್ಲ. ಎಫ್ 1.8ರಲ್ಲಿ ಹತ್ತಿರದಿಂದ ತೆಗೆದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಕಣ್ಣು ಮಸುಕು. ಕಿಂಡಿ ಅಷ್ಟು ತೆರೆದರೆ ಸ್ಪಷ್ಟವಾಗಿ ಸಿಗುವ ಆಳ ಒಂದೆರಡು ಬೆರಳಿನಷ್ಟೇ. ಈ ಬೆಳಕಿನಲ್ಲಿ ಅಷ್ಟು ತೆರೆಯುವ ಅಗತ್ಯವೂ ಇರಲಿಲ್ಲ, 4ಕ್ಕೆ ಇಳಿಸಿದೆ. ಹನ್ನೊಂದರ ಸುಮಾರಿಗೆ ಬಿಸಿಲು ಸರಿಯುತ್ತಾ ಬಂದು ಅಜ್ಜಿ ಹೊದ್ದಿದ್ದ ಬಿಳಿ ಪಂಚೆಯ ಮೇಲೆ ಬಿತ್ತು. ಮುಖದ ಮೇಲೆ ನೇರ ಬಿದ್ದರೆ ಕಣ್ಣು ಕುಕ್ಕುತ್ತಿತ್ತು. ಪಂಚೆಗೆ ತಾಗಿ ಮೇಲೆದ್ದ ಬೆಳಕು ಮುಖಕ್ಕೆ ಹಾಲು ಸವರಿದ ಹಾಗೆ ಬಂತು. ಅಮ್ಮ ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸಿದಳು, ತಲೆ ಬಾಚಿದಳು. ಅಜ್ಜಿ ಮೂಗುಬೊಟ್ಟು ಸರಿ ಮಾಡಿಕೊಂಡಳು. ಕೋಣೆ ಚಿಕ್ಕದು, 1000ಡಿ ಮೇಲೆ 50 ಎಂ.ಎಂ. ಹಾಕಿದರೆ ಫಿಲ್ಮ್ ಕ್ಯಾಮೆರಾದ 80ರಷ್ಟು ಹತ್ತಿರ ಕಾಣುತ್ತೆ. ಹಾಗಾಗಿ ನಾನು ಗೋಡೆಗೆ ಬೆನ್ನು ಒತ್ತಿ, ಭತ್ತದ ಚೀಲದ ಮೇಲೆ ಹತ್ತಿ ಕೂತು ತೆಗೆಯಬೇಕಾಯಿತು. ಮಾಡಿನ ಮೇಲೆ ಅಪ್ಪ ಯಾರಿಗೋ ಬೈಯುತ್ತಿದ್ದರು. ಅಜ್ಜಿ ಅದನ್ನು ಕೇಳಿ ತಲೆ ಎತ್ತಿ, "ಬೀಳ್ತೀಯಾ, ಇಳಿ ಕೆಳಗೆ" ಅಂತ ಕೂಗುವುದಕ್ಕೆ ಬಾಯಿ ತೆರೆಯುವ ಮುಂಚಿನ ಒಂದು ಕ್ಷಣ ಇತ್ತು. ಅದು ಸಿಕ್ಕಿತು. ಸೆಕೆಂಡಿನ ನೂರನೇ ಒಂದು ಭಾಗ, ಐ.ಎಸ್.ಒ. 400.

ಹನ್ನೆರಡಕ್ಕೆ ಎಂಟರ ಪ್ರಿಂಟು ಹಾಕಿಸಿ ಕೊಟ್ಟೆ. ಅಜ್ಜಿ ಕನ್ನಡಕ ಹಾಕಿಕೊಂಡು ಗಾಜಿನ ಹೆಂಚಿನ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಕೆನ್ನೆಯ ನರೂಲಿ, ಕತ್ತಿನ ಸುಕ್ಕು, ಹರಿದ ಕಿವಿಯ ತೂತು, ಎಲ್ಲ ಇತ್ತು. ಅದನ್ನೆಲ್ಲ ಅಳಿಸಬೇಕು ಅನ್ನುತ್ತಾಳೇನೋ ಅಂದುಕೊಂಡೆ.

"ಹಾರಕ್ಕೆ ಜಾಗ ಬಿಟ್ಟಿದೀಯಾ?" ಅಂದಳು.

"ಅಜ್ಜೀ..."

"ಮತ್ತೆ? ನಿಮ್ಮಜ್ಜಂಗೆ ಹಾರ ಹಾಕಿದ್ರೆ ಗಲ್ಲನೇ ಮುಚ್ಚಿಹೋಗ್ತದೆ, ನೋಡಿಲ್ವಾ." ಮೇಲೆ ಎಷ್ಟು, ಪಕ್ಕಕ್ಕೆ ಎಷ್ಟು ಅಂತ ಬೆರಳಲ್ಲಿ ಅಳೆದಳು. "ಅಡ್ಡಿಲ್ಲ. ಇದು ನಾನೇ ಹೌದು."

ಅದನ್ನು ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಸಿ ಮಂಚದ ಕೆಳಗಿನ ಟ್ರಂಕಿಗೆ ಹಾಕಿಸಿಕೊಂಡಳು. ಬೀಗದ ಕೈ ಅವಳ ದಿಂಬಿನ ಕೆಳಗಿದೆ.

ಈಗ ಮಳೆ ಹಿಡಿದಿದೆ. ಹೋದ ವಾರ ಫೋನ್ ಮಾಡಿ, "ನಿನ್ನ ಕ್ಯಾಮ್ರದ ಚೀಲಕ್ಕೆ ಹಾಕ್ತಿದ್ದೆಯಲ್ಲ, ಬೂಷ್ಟು ಹಿಡೀದಂಗೆ ಒಂದು ಬಿಳಿ ಪೊಟ್ಣ? ಬರುವಾಗ ನಂಗೂ ನಾಕು ತಗಂಡು ಬಾ" ಅಂದಳು. ಮೇಜಿನ ಮೇಲೆ ತೆಗೆದಿಟ್ಟಿದ್ದೇನೆ. ಈ ಶುಕ್ರವಾರ ರಾತ್ರಿ ಬಸ್ಸಿಗೆ ಹೋಗಬೇಕು.